377 ಹೋಗಿದ್ದು ಒಂದೇ ದಿನದಲ್ಲಾ? ಕಂಡವರು, ಕೇಳಿದವರು ಬರೆಯಿರಿ

ಉದ್ದ ನೋಟ್‌ಬುಕ್

ಹೋದ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ತಾನು ಗೇ ಅಂತ ಮನೆಯಲ್ಲಿ ಹೇಳಿ ವರ್ಷ ಆಯಿತು. ನನ್ನ ವಿಷಯವೂ ಅವನಿಗೆ ಗೊತ್ತು. ಊಟಕ್ಕೆ ಕೂತಾಗ ಮಾತು 377ರ ಕಡೆ ಹೋಯಿತು, ನಮ್ಮಂಥವರನ್ನು ಅಪರಾಧಿ ಮಾಡಿದ್ದ ಐಪಿಸಿ ಸೆಕ್ಷನ್. "ಅದನ್ನ ಸುಪ್ರೀಂ ಕೋರ್ಟ್ ತೆಗೆದು ಹಾಕಿತಲ್ವಾ ಮಾವ, 2018ರಲ್ಲಿ? ಅದರಲ್ಲಿ ಹೋರಾಟ ಅಂತ ಏನಿತ್ತು?" ಅಂದ. ಕೊಂಕಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಆಗ ಅವನಿನ್ನೂ ಹೈಸ್ಕೂಲು. ಟಿವಿಯಲ್ಲಿ ಬಣ್ಣದ ಬಾವುಟ ಹಾರಿದ್ದಷ್ಟೇ ಅವನಿಗೆ ನೆನಪು.

ಉತ್ತರ ಹೇಳಲು ಹೋಗಿ ತಡವರಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಅಟ್ಟದ ಮೇಲಿನ ಟ್ರಂಕು ತೆಗೆದು ಹಳೇ ನೋಟ್‌ಬುಕ್ ಹುಡುಕಿದೆ, ಸಿಗಲಿಲ್ಲ. ಅದಕ್ಕೆ ನೆನಪಿನಿಂದಲೇ ಬರೆಯುತ್ತೇನೆ.

2000ದ ಸುಮಾರಿಗೆ ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಭಾನುವಾರ ಸಂಜೆ ಇಬ್ಬರು ಗೆಳೆಯರ ಜೊತೆ ಒಂದು ಪಾರ್ಕಿಗೆ ಹೋಗುತ್ತಿದ್ದೆ. ನಮ್ಮಂಥವರು ಸೇರುತ್ತಿದ್ದ ಜಾಗ. ಕೈಯಲ್ಲಿ ಅಂಗಡಿಯ ಲೆಕ್ಕದ ಉದ್ದ ನೋಟ್‌ಬುಕ್. ಪೊಲೀಸರಿಂದ ಏನಾಯಿತು ಅಂತ ಜನ ಹೇಳಿದ್ದನ್ನು ಬರೆದುಕೊಳ್ಳುವುದು ನಮ್ಮ ಕೆಲಸ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು. ಹೆಸರು ಮಾತ್ರ ಕೇಳುತ್ತಿರಲಿಲ್ಲ. ಆ ಜಾಗದಲ್ಲಿ ನನಗೆ ತೋಚಿದ ಹೆಸರು ಹಾಕುತ್ತಿದ್ದೆ.

ಒಬ್ಬ ಹುಡುಗ ಮರೆಯುವುದಿಲ್ಲ. ಚಪ್ಪಲಿ ಅಂಗಡಿಯಲ್ಲಿ ಕೆಲಸ. ಅವನನ್ನು ಹಿಡಿದ ಕಾನ್‌ಸ್ಟೇಬಲ್ ಹೊಡೆಯಲಿಲ್ಲ, ಬೈಯಲಿಲ್ಲ. ಜೇಬಿನಿಂದ ಸಣ್ಣ ಡೈರಿ ತೆಗೆದು "ಮನೆ ಫೋನ್ ನಂಬರ್ ಹೇಳು" ಅಂದನಂತೆ, ಅಷ್ಟೇ. ಹುಡುಗ ಸಂಬಳದ ಕವರ್ ಪೂರ್ತಿ ಕೊಟ್ಟ. ಸಾಲದು ಅಂದಾಗ ವಾಚು ಬಿಚ್ಚಿ ಕೊಟ್ಟ. ಅಪ್ಪನ ವಾಚು. ಮುಂದಿನ ತಿಂಗಳು ಸಂಬಳದ ಮರುದಿನ ಅದೇ ಕಾನ್‌ಸ್ಟೇಬಲ್ ಚಪ್ಪಲಿ ಅಂಗಡಿ ಮುಂದೆ ನಿಂತಿದ್ದ. ಆಮೇಲೆ ಪ್ರತಿ ತಿಂಗಳೂ. ಇದನ್ನೆಲ್ಲ ಹೇಳುವಾಗ ಹುಡುಗ ಬರಿಗೈ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಲೇ ಇದ್ದ.

ಕೇಸ್ ಇಲ್ಲ, ಎಫ್ಐಆರ್ ಇಲ್ಲ. ಅಂಥವರ ಮಾತನ್ನು ಬರೆದಿಡುವುದೇ ಆಗ ನಮಗೆ ಹೋರಾಟ. ಬೀದಿಗೆ ಇಳಿದದ್ದು ಎಷ್ಟೋ ವರ್ಷದ ಮೇಲೆ. ನಿಮಗೆ ಗೊತ್ತಿದ್ದದ್ದು ಬರೆಯಿರಿ. ಅಳಿಯನಿಗೆ ಈ ಲಿಂಕ್ ಕಳಿಸುತ್ತೇನೆ.

ಕರಿಕೋಟು

ಸಾರ್, ನೀವು ಬರೆದದ್ದನ್ನೇ ಹಿಡಿದು ಕಾನೂನಿನ ಕಡೆಯಿಂದ ಹೇಳುತ್ತೇನೆ. ಉದ್ದ ಆಗುತ್ತದೆ, ಸೈರಿಸಿ.

377 ಬ್ರಿಟಿಷರ ಕಾಲದ್ದು. ಮೆಕಾಲೆ ಕರಡು ಬರೆದ ದಂಡ ಸಂಹಿತೆ (ಐಪಿಸಿ) 1860ರಲ್ಲಿ ಪಾಸಾಗಿ 1862ರಿಂದ ಜಾರಿಗೆ ಬಂತು. "ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ" ಸಂಭೋಗ ಮಾಡಿದರೆ ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಜೈಲು. ಪ್ರಕೃತಿಯ ಕ್ರಮ ಅಂದರೆ ಏನು ಅಂತ ಎಲ್ಲೂ ಬರೆದಿಲ್ಲ. ಒಪ್ಪಿ ಮಾಡಿದ್ದಾ, ಬಲವಂತವಾ ಅನ್ನುವ ಪ್ರಶ್ನೆಯೇ ಅದರಲ್ಲಿಲ್ಲ.

1884ರ ಒಂದು ಕೇಸ್ ಇದೆ, ಅಲಹಾಬಾದ್ ಹೈಕೋರ್ಟಿನದು. ಖೈರಾತಿ ಅನ್ನುವವನು ಹೆಂಗಸರ ಬಟ್ಟೆ ಉಟ್ಟು ಹೆಂಗಸರ ಜೊತೆ ಹಾಡು ಹೇಳುತ್ತಿದ್ದ. ಅಷ್ಟಕ್ಕೇ ಹಿಡಿದರು. ವೈದ್ಯರಿಂದ ಮೈ ಪರೀಕ್ಷೆ ಮಾಡಿಸಿದರು. ಯಾರ ಜೊತೆ, ಎಲ್ಲಿ, ಯಾವಾಗ ಅಂತ ಒಂದೂ ಹೇಳಲಾಗದೆ ಕೊನೆಗೆ ಹೈಕೋರ್ಟ್ ಬಿಟ್ಟಿತು. ಗಮನಿಸಿ, ಕಾನೂನಿನಲ್ಲಿ ಇದ್ದದ್ದು ಒಂದು ಕೆಲಸದ ಬಗ್ಗೆ. ಹಿಡಿದದ್ದು ಒಬ್ಬ ಮನುಷ್ಯ ಇರುವ ರೀತಿಗೆ. ನಿಮ್ಮ ಚಪ್ಪಲಿ ಅಂಗಡಿ ಹುಡುಗನಿಗೂ ಅದೇ ಆದದ್ದು, ನೂರು ವರ್ಷದ ಮೇಲೆ.

ಕೋರ್ಟಿಗೆ ಮೊದಲು ಹೋದವರು ದೆಹಲಿಯ ಏಡ್ಸ್ ಭೇದಭಾವ ವಿರೋಧಿ ಆಂದೋಲನ. 1994ರಲ್ಲಿ. ತಿಹಾರ್ ಜೈಲಿನಲ್ಲಿ ಕಾಂಡೋಮ್ ಕೊಡಲು ಅಧಿಕಾರಿಗಳು ಒಪ್ಪಲಿಲ್ಲ, ಕೊಟ್ಟರೆ 377ರ ಅಪರಾಧಕ್ಕೆ ನಾವೇ ಒತ್ತಾಸೆ ಕೊಟ್ಟಂತೆ ಅನ್ನುವ ವಾದ. ಆ ಅರ್ಜಿ ಗುರಿ ಮುಟ್ಟಲಿಲ್ಲ. 2001ರಲ್ಲಿ ಎಚ್ಐವಿ ಬಗ್ಗೆ ಕೆಲಸ ಮಾಡುವ ನಾಜ್ ಫೌಂಡೇಶನ್ ಅನ್ನುವ ಸಂಸ್ಥೆ 377ರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅದೇ ವರ್ಷ ಲಖನೌದಲ್ಲಿ ಎಚ್ಐವಿ ತಡೆಯುವ ಕೆಲಸ ಮಾಡುತ್ತಿದ್ದ ನಾಲ್ವರನ್ನು 377 ಹಾಕಿ ಒಳಗೆ ತಳ್ಳಿದರು. ಅವರಲ್ಲಿ ಒಬ್ಬರು ಆರಿಫ್ ಜಾಫರ್. 47 ದಿನ ಜೈಲು. ಈ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

2004ರಲ್ಲಿ ಹೈಕೋರ್ಟ್ ನಾಜ್ ಅರ್ಜಿಯನ್ನು ವಜಾ ಮಾಡಿತು. ಕಾರಣ ಕೇಳಿ: ಈ ಸಂಸ್ಥೆಗೆ ಸ್ವತಃ ಏನೂ ತೊಂದರೆ ಆಗಿಲ್ಲವಲ್ಲ, ಹಾಗಿದ್ದ ಮೇಲೆ ಇದು ಬರೀ ತಾತ್ವಿಕ ಪ್ರಶ್ನೆ. 2006ರಲ್ಲಿ ಸುಪ್ರೀಂ ಕೋರ್ಟ್ "ಇಲ್ಲ, ನೀವು ಕೇಳಲೇಬೇಕು" ಅಂತ ವಾಪಸ್ ಕಳಿಸಿತು. ಆಗ ಉದ್ದ ನೋಟ್‌ಬುಕ್ ಥರದವರ ಕೆಲಸಕ್ಕೆ ಬೆಲೆ ಬಂತು. 'ವಾಯ್ಸಸ್ ಅಗೇನ್ಸ್ಟ್ 377' ಒಕ್ಕೂಟ ಕೇಸಿನ ಒಳಗೆ ಬಂದು, ಯಾರಿಗೆ ಏನಾಯಿತು ಅನ್ನುವುದನ್ನು ಅಫಿಡವಿಟ್ ಮಾಡಿ ಇಟ್ಟಿತು. ಅದಕ್ಕೂ ಮುಂಚೆ 2001 ಮತ್ತು 2003ರಲ್ಲಿ ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ಕರ್ನಾಟಕ, ಬೆಂಗಳೂರಿನಲ್ಲಿ ಇಂಥವರ ಮೇಲೆ ಆಗುತ್ತಿದ್ದ ದೌರ್ಜನ್ಯದ ಬಗ್ಗೆ ಎರಡು ವರದಿ ತಂದಿತ್ತು. 2004ರಲ್ಲಿ ಬೆಂಗಳೂರಿನ ಹಿಜ್ರಾ ಒಬ್ಬರ ಮೇಲೆ ಗೂಂಡಾಗಳು ಅತ್ಯಾಚಾರ ಮಾಡಿ, ಆಮೇಲೆ ಠಾಣೆಯಲ್ಲೂ ಅವರಿಗೆ ಹಿಂಸೆ ಕೊಟ್ಟದ್ದು 2009ರ ದೆಹಲಿ ತೀರ್ಪಿನ ಒಳಗೇ ಇದೆ. ಓದುವಾಗ ಕೈ ತಣ್ಣಗಾಗುತ್ತದೆ.

2009ರ ಜುಲೈ 2. ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಮುರಳೀಧರ್. ವಯಸ್ಕರು ಖಾಸಗಿಯಾಗಿ ಒಪ್ಪಿ ಮಾಡಿದರೆ ಅಪರಾಧ ಅಲ್ಲ ಅಂದರು. 2013ರ ಕಥೆ ಸಂಜೆ ಬರೆಯುತ್ತೇನೆ. ಈಗ ಕೋರ್ಟಿಗೆ ಹೊತ್ತಾಯಿತು.

ನೇರ ಮಾತು

ನಾನು ಯಾರನ್ನೂ ದ್ವೇಷ ಮಾಡುವವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡು ವಿಷಯ ನನಗೆ ಬಗೆಹರಿಯುತ್ತಿಲ್ಲ.

ಪೊಲೀಸ್ ದುಡ್ಡು ಕಿತ್ತರೆ ಅದು ಪೊಲೀಸಿನ ತಪ್ಪು. ಹೆಲ್ಮೆಟ್ ಇಲ್ಲ ಅಂತ ನನ್ನ ಹತ್ತಿರವೂ ಕಿತ್ತಿದ್ದಾರೆ. ಹಾಗಂತ ಹೆಲ್ಮೆಟ್ ಕಾನೂನು ತೆಗೆಯಿರಿ ಅನ್ನುತ್ತೇವಾ? ಎರಡನೆಯದು, ಕಾನೂನು ಬದಲಿಸಬೇಕಾದ್ದು ಪಾರ್ಲಿಮೆಂಟು. ನಾಲ್ಕೈದು ಜಡ್ಜ್‌ಗಳು ಕೂತು ಇಡೀ ಸಮಾಜದ ಪರವಾಗಿ ಹೇಗೆ ತೀರ್ಮಾನ ಮಾಡುತ್ತಾರೆ? ಇದೆಲ್ಲ ಹೊರಗಿನಿಂದ ಬಂದ ಗಾಳಿ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.

ಮಲೆನಾಡ ಮಳೆ

ನೇರ ಮಾತು ಅವರೇ, ಹೆಲ್ಮೆಟ್ ಹಾಕಿಕೊಂಡರೆ ನಿಮ್ಮನ್ನು ಬಿಡುತ್ತಾರೆ. ನಾವು ಏನು ಹಾಕಿಕೊಳ್ಳಬೇಕಿತ್ತು?

ಟೀ ಬ್ರೇಕ್

😂 ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ಬಯಲು ಸೀಮೆ

ಹೊರಗಿನ ಗಾಳಿ ಅಂದರಲ್ಲ, ಅದಕ್ಕೆ ಒಂದು ಮಾತು. ನಮ್ಮ ಕಡೆ ಸವದತ್ತಿ ಎಲ್ಲಮ್ಮನ ಜೋಗಪ್ಪಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಸೀರೆ ಉಟ್ಟು, ತಲೆ ಮೇಲೆ ಕೊಡ ಹೊತ್ತು ಮನೆ ಮುಂದೆ ಬಂದರೆ ನನ್ನ ಅಜ್ಜಿ ಮೊರದ ತುಂಬ ಜೋಳ ಹಾಕಿ ಕಾಲಿಗೆ ಬೀಳುತ್ತಿದ್ದಳು. (ಜೋಗಪ್ಪ ಬೇರೆ, ಗೇ ಬೇರೆ, ಎರಡನ್ನೂ ಕಲಸುತ್ತಿಲ್ಲ. ಗಂಡು ಹೆಣ್ಣು ಬಿಟ್ಟು ಬೇರೆ ಥರ ಇರುವವರು ನಮ್ಮಲ್ಲಿ ಇರಲೇ ಇಲ್ಲ ಅನ್ನಬೇಡಿ ಅನ್ನುತ್ತಿದ್ದೇನೆ.) ಹೊರಗಿನಿಂದ ಬಂದದ್ದು ಸೆಕ್ಷನ್ನು.

ಆದರೆ ನನಗೆ ಬೇರೆ ಸಿಟ್ಟಿದೆ. ತೀರ್ಪು ಬಂದಾಗ ಪೇಪರಿನಲ್ಲಿ ಬಂದ ಫೋಟೋ ನೋಡಿ. ಇಂಗ್ಲಿಷ್ ಮಾತಾಡುವವರು, ಚಂದ ಬಟ್ಟೆಯವರು. ತಪ್ಪಲ್ಲ. ಆದರೆ ಇಪ್ಪತ್ತು ವರ್ಷ ಬೀದಿಯಲ್ಲಿ ಲಾಠಿ ತಿಂದವರು ಕೋತಿಗಳು (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು), ಹಿಜ್ರಾಗಳು. ಠಾಣೆ ಮುಂದೆ ಮೊದಲು ಕೂತವರೂ ಅವರೇ. ಅವರ ಮೇಲೆ 377 ಹಾಕುವುದೂ ಬೇಕಿರಲಿಲ್ಲ. ಸಾರ್ವಜನಿಕರಿಗೆ ತೊಂದರೆ ಅಂತ ಬರೆದರೆ ಸಾಕು. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿದರು. ಹಿಜ್ರಾಗಳ ಹೆಸರು, ವಿಳಾಸ ಪಟ್ಟಿ ಮಾಡಿ ಇಟ್ಟುಕೊಳ್ಳಲು ಪೊಲೀಸರಿಗೆ ಅಧಿಕಾರ. ನಿಜಾಮರ ಕಾಲದ ಹೈದರಾಬಾದ್ ಕಾಯ್ದೆಯ ನಕಲು ಅದು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅದರಲ್ಲಿದ್ದ 'ಯೂನಕ್' (ನಪುಂಸಕ) ಅನ್ನುವ ಪದ ತೆಗೆದರು.

ಇನ್ನು 2013ರ ನವೆಂಬರ್. ಹಾಸನದಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು 377ರಲ್ಲಿ ಹಿಡಿದರು. ಕಾಲ ನೋಡಿ. ದೆಹಲಿ ತೀರ್ಪು ಬಂದು ನಾಲ್ಕು ವರ್ಷ ಆಗಿತ್ತು! ಕೋರ್ಟ್ ಹೇಳಿದ್ದು ಹಾಸನಕ್ಕೆ ತಲುಪಿರಲಿಲ್ಲ.

2016ರಲ್ಲಿ ಅಕ್ಕೈ ಪದ್ಮಶಾಲಿ ಸುಪ್ರೀಂ ಕೋರ್ಟಿಗೆ ಹೋದರಲ್ಲ, ಅದನ್ನು ಎಷ್ಟು ಜನ ನೆನೆಯುತ್ತಾರೆ? ಟ್ರಾನ್ಸ್ ಹೆಂಗಸು, ನಮ್ಮ ಬೆಂಗಳೂರಿನವರು.

ಮಲೆನಾಡ ಮಳೆ

ಒಪ್ಪಿದೆ. ಹೆಂಗಸರ ಕಥೆಯೂ ಬೇರೆಯೇ. ನಮ್ಮನ್ನು ಪಾರ್ಕಿನಲ್ಲಿ ಯಾರೂ ಹಿಡಿಯುತ್ತಿರಲಿಲ್ಲ, ಪಾರ್ಕಿಗೆ ಹೋಗಲು ಬಿಟ್ಟರೆ ತಾನೇ? ನಮಗೆ ಠಾಣೆ ಅಂದರೆ ಮನೆ. ಅಪ್ಪ, ಅಣ್ಣ, ಮಾವ.

ನಾನೂ ನನ್ನ ಗೆಳತಿಯೂ 2007ರಲ್ಲಿ ಊರು ಬಿಟ್ಟು ಬಂದೆವು. ಮೂರನೇ ದಿನಕ್ಕೆ ಅವಳ ಅಣ್ಣ ಕಂಪ್ಲೇಂಟ್ ಕೊಟ್ಟಿದ್ದ, ನಾನು ಅವಳನ್ನು ಅಪಹರಣ ಮಾಡಿದ್ದೇನೆ ಅಂತ. ಅವಳಿಗೆ ಆಗ 24. ನನಗಿಂತ ಒಂದು ವರ್ಷ ದೊಡ್ಡವಳು! ಠಾಣೆಯಲ್ಲಿ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು, ನಡುವೆ ಅವಳ ಅಮ್ಮ. ಸಾಹೇಬರು 377 ಅನ್ನಲೇ ಇಲ್ಲ. "ಇದೆಲ್ಲ ಜೈಲಿಗೆ ಹೋಗೋ ಕೇಸು ಕಣಮ್ಮಾ" ಅಂದರು, ಅಷ್ಟೇ. ಅಷ್ಟಕ್ಕೆ ಅವಳು ಎದ್ದು ಅಮ್ಮನ ಹಿಂದೆ ಹೋದಳು. ಆ ಸೆಕ್ಷನ್ ಹೆಂಗಸರಿಗೆ ಅನ್ವಯ ಆಗುತ್ತಾ ಇಲ್ಲವಾ ಅಂತ ವಕೀಲರೇ ವಾದ ಮಾಡುತ್ತಿದ್ದ ಕಾಲ ಅದು. ನಮಗೆ ಯಾರು ಹೇಳಬೇಕು?

2018ರ ತೀರ್ಪು ಬಂದ ತಿಂಗಳಲ್ಲೇ ಕೇರಳ ಹೈಕೋರ್ಟ್, ಇಬ್ಬರು ಹೆಣ್ಣುಮಕ್ಕಳು ಇಷ್ಟಪಟ್ಟು ಒಟ್ಟಿಗೆ ಇರಬಹುದು ಅಂದಿತು. ಆ ಸುದ್ದಿಯನ್ನು ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಕರಿಕೋಟು

ಬಂದೆ. ಮಳೆ ಅವರೇ, ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

2013ರ ಡಿಸೆಂಬರ್ 11. 2009ರ ತೀರ್ಪಿನ ಮೇಲೆ ಸರ್ಕಾರ ಅಪೀಲು ಹೋಗಿರಲಿಲ್ಲ. ಹೋದವರು ಖಾಸಗಿಯವರು, ಧಾರ್ಮಿಕ ಸಂಘಟನೆಗಳು. ಮೊದಲ ಅರ್ಜಿದಾರ ಸುರೇಶ್ ಕುಮಾರ್ ಕೌಶಲ್, ದೆಹಲಿಯ ಜ್ಯೋತಿಷಿ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹೈಕೋರ್ಟ್ ತೀರ್ಪನ್ನು ತಿರುಗಿಸಿ ಹಾಕಿದರು. ಅವರ ಒಂದು ಕಾರಣ ಏನು ಗೊತ್ತಾ? 150 ವರ್ಷದಲ್ಲಿ ಈ ಸೆಕ್ಷನ್ನಿನಲ್ಲಿ ವರದಿಯಾದ ಕೇಸುಗಳ ಪ್ರಕಾರ 200ಕ್ಕಿಂತ ಕಡಿಮೆ ಜನರ ಮೇಲೆ ವಿಚಾರಣೆ ನಡೆದಿದೆ, ಈ ಸಮುದಾಯ ಜನಸಂಖ್ಯೆಯ ಒಂದು ಪುಟ್ಟ ಚೂರು, ಹಾಗಾಗಿ ಸಂವಿಧಾನ ವಿರೋಧಿ ಅನ್ನಲು ಆಧಾರ ಸಾಲದು.

ಚಪ್ಪಲಿ ಅಂಗಡಿ ಹುಡುಗ ಆ 200ರಲ್ಲಿ ಇಲ್ಲ. ಮಳೆ ಅವರೂ ಇಲ್ಲ. ಕೇಸ್ ಹಾಕದೇ ಇದ್ದದ್ದರಿಂದಲೇ ಆ ಸೆಕ್ಷನ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೇಸ್ ಹಾಕಿದರೆ ಸಾಕ್ಷಿ ಬೇಕು, ಪುರಾವೆ ಬೇಕು. ಹೆದರಿಸಲು ಏನೂ ಬೇಡ. ಆ ಅಂಕಿಯನ್ನೇ ನಮಗೆ ತಿರುಗಿಸಿ ಹೊಡೆದರು. ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ನೇರ ಮಾತು ಅವರ ಪಾರ್ಲಿಮೆಂಟ್ ಪ್ರಶ್ನೆಗೆ: ಹೋಗಿದ್ದರು. 2015ರ ಡಿಸೆಂಬರಿನಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತರಲು ನೋಡಿದರು. ಪಾಸಾಗುವ ಮಾತು ಬಿಡಿ. ಮಂಡಿಸಲು ಅವಕಾಶ ಕೊಡಬೇಕಾ ಅನ್ನುವುದಕ್ಕೇ ಮತ ಹಾಕಿದರು. 24 ಪರ, 71 ವಿರೋಧ. ಚರ್ಚೆಯೇ ಆಗಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಮತ್ತೆ ತಂದರು, ಮತ್ತೆ ಅದೇ. ಹಕ್ಕು ಕೇಳುವವರು ಕಡಿಮೆ ಇದ್ದಾರೆ, ಮತಕ್ಕೆ ಬೆಲೆ ಇಲ್ಲ ಅಂದಾಗ ಕೋರ್ಟ್ ಬಿಟ್ಟರೆ ಬೇರೆ ಬಾಗಿಲು ಯಾವುದು?

ದಾರಿ ತೆರೆದದ್ದು ನಮ್ಮ ಕರ್ನಾಟಕದ ಒಬ್ಬ ಅಜ್ಜ! ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್. ಅವರು ಹೋದದ್ದು ಆಧಾರ್ ವಿಷಯಕ್ಕೆ. 2017ರ ಆಗಸ್ಟ್ 24ರಂದು ಒಂಬತ್ತು ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅದರ ಜೊತೆಗೇ, 2013ರ ತೀರ್ಪಿನ ತರ್ಕ ಸರಿಯಿಲ್ಲ ಅಂತಲೂ ಬರೆದರು. ಆಧಾರ್ ಕಾರ್ಡಿನ ಜಗಳದಲ್ಲಿ 377ರ ಕಾಲು ಮುರಿಯಿತು.

ಅಷ್ಟರಲ್ಲಿ ಅರ್ಜಿದಾರರೂ ಬದಲಾಗಿದ್ದರು. 2001ರಲ್ಲಿ ಸಂಸ್ಥೆ ಮುಂದೆ ನಿಂತಿತ್ತು. 2016ರಲ್ಲಿ ನೃತ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತು ಇನ್ನು ನಾಲ್ವರು ತಮ್ಮ ಹೆಸರಿನಲ್ಲೇ ಹೋದರು. "ಈ ಕಾನೂನಿನ ಪ್ರಕಾರ ಅಪರಾಧಿ ನಾನೇ" ಅಂತ ಸಹಿ ಹಾಕಿದ ಹಾಗೆ. ಆಮೇಲೆ ಅಕ್ಕೈ, ಐಐಟಿಗಳಲ್ಲಿ ಓದಿದವರ ಒಂದು ಗುಂಪು, ಮತ್ತೆ ಆರಿಫ್ ಜಾಫರ್. 47 ದಿನ ಒಳಗಿದ್ದವರು 17 ವರ್ಷದ ಮೇಲೆ ಅರ್ಜಿದಾರರಾಗಿ ಬಂದರು. 2018ರ ಸೆಪ್ಟೆಂಬರ್ 6ಕ್ಕೆ ಐದಕ್ಕೆ ಐದೂ ಜಡ್ಜ್‌ಗಳು ಒಪ್ಪಿದರು. ಈ ಜನಕ್ಕೆ, ಇವರ ಮನೆಯವರಿಗೆ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ಅಮ್ಮ ಒಬ್ಬಳು

ಮನೆಯವರಿಗೆ ಅಂದದ್ದು ನನಗೂ ನೆನಪಿದೆ. ಆ ಸಾಲನ್ನು ಕತ್ತರಿಸಿ ದೇವರ ಮನೆಯ ಕ್ಯಾಲೆಂಡರ್ ಹಿಂದೆ ಇಟ್ಟಿದ್ದೇನೆ.

ನನ್ನ ಮಗ 2011ರಲ್ಲಿ ಹೇಳಿದ. ಒಂದು ವರ್ಷ ನಾನು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಬರೆದುಕೊಟ್ಟರು. ಮಗ ನನಗೋಸ್ಕರ ಎರಡು ತಿಂಗಳು ನುಂಗಿದ. ಯಾವ ಕಾಯಿಲೆಗೆ ಮಾತ್ರೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

2013ರ ಆ ದಿನ ಫೋನ್ ಮಾಡಿ "ಅಮ್ಮ, ನಾನು ಮತ್ತೆ ಕ್ರಿಮಿನಲ್ ಆದೆ" ಅಂದ. ನಗುತ್ತಾ ಅಂದ. ಆ ನಗು ಕೇಳಿ ನನ್ನೊಳಗೆ ಏನೋ ಕಡಿದು ಹೋಯಿತು. ನಾಲ್ಕು ದಿನ ಬಿಟ್ಟು ಟೌನ್‌ಹಾಲ್ ಮುಂದೆ ಸೇರುತ್ತಾರೆ ಅಂದ. ನಾನೂ ಹೋದೆ. ಯಾರಾದರೂ ನೋಡಿದರೆ ಅಂತ ಸೆರಗು ತಲೆ ಮೇಲೆ ಎಳೆದುಕೊಂಡಿದ್ದೆ. ಯಾರೋ ಹುಡುಗಿ ಬಂದು ಕೈಗೆ ಬೋರ್ಡ್ ಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಹಿಂದೆ ಹೋಗುವ ಮಾತೇ ಇಲ್ಲ ಅಂತ ಬರೆದಿದೆ ಅಂತ ಮಗ ಹೇಳಿದ. ಎರಡು ಕೈಯಲ್ಲಿ ಬೋರ್ಡ್ ಹಿಡಿಯಬೇಕಿತ್ತು. ಸೆರಗು ಜಾರಿತು. ಮತ್ತೆ ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ.

ನಮ್ಮಂಥ ಹೆತ್ತವರು ಕೆಲವರು ಸೇರಿ ಸುಪ್ರೀಂ ಕೋರ್ಟಿಗೂ ಹೋಗಿದ್ದರು, ಈ ಕಾನೂನು ನಮ್ಮ ಮನೆ ಒಡೆಯುತ್ತಿದೆ ಅಂತ. ಅದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಿದ್ದರೆ ನಾನೂ ಸಹಿ ಹಾಕುತ್ತಿದ್ದೆನಾ? ಆಗ ಹಾಕುತ್ತಿರಲಿಲ್ಲ ಅನಿಸುತ್ತದೆ.

ನೇರ ಮಾತು

ಅಮ್ಮ, ನಿಮ್ಮ ಮಾತಿಗೆ ಎದುರಾಡುವ ಶಕ್ತಿ ನನಗಿಲ್ಲ. ಹೆಲ್ಮೆಟ್ ಉದಾಹರಣೆ ವಾಪಸ್ ತೆಗೆದುಕೊಂಡೆ. ಲೋಕಸಭೆಯಲ್ಲಿ ಮಂಡಿಸಲೂ ಬಿಡಲಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಮದುವೆ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ, ಅದು ಹಾಗೇ ಇದೆ.

ಟೀ ಬ್ರೇಕ್

ಇಂಟರ್‌ನೆಟ್ಟಿನಲ್ಲಿ ಒಬ್ಬರು ಮಾತು ವಾಪಸ್ ತೆಗೆದುಕೊಂಡರು. ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ನಿರ್ವಾಹಕಿ

ಎರಡು ಕಾಮೆಂಟ್ ತೆಗೆದಿದ್ದೇನೆ. ಬೈಗುಳ ಬೇಡ. ಮದುವೆ ವಿಷಯಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗಿ. ಯಾರೂ ಇಲ್ಲಿ ಗೆಳೆಯರ ನಿಜವಾದ ಹೆಸರು, ಊರು ಬರೆಯಬೇಡಿ. ಇಷ್ಟೇ, ಮುಂದುವರಿಸಿ.

ಲೈಬ್ರರಿ ಬೆಂಚು

ಒಂದು ಸಣ್ಣ ಅಡ್ಡಮಾತು. ಬ್ರಿಟಿಷರು ಈ ಸೆಕ್ಷನ್ನನ್ನು ಇಲ್ಲಿ ಬರೆದು ಬೇರೆ ವಸಾಹತುಗಳಿಗೂ ಹಂಚಿದರು. ಸಿಂಗಾಪುರದಲ್ಲೂ ಸಂಖ್ಯೆ 377ಎ. ಅದನ್ನು ತೆಗೆಯುವ ಮಸೂದೆ ಪಾಸಾದದ್ದು 2022ರಲ್ಲಿ. ಬ್ರಿಟಿಷರು ಮಾತ್ರ ತಮ್ಮ ದೇಶದಲ್ಲಿ ಇಂಥ ಕಾನೂನನ್ನು 1967ರಲ್ಲೇ ತೆಗೆಯಲು ಶುರು ಮಾಡಿದ್ದರು, ಅದೂ ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ಹಂಚಿದ ಕಡೆ ಉಳಿಯಿತು.

ಎಲ್ಲ ಕಡೆ ಗೆದ್ದಿಲ್ಲ. 2019ರಲ್ಲಿ ಒಂದು ತಿಂಗಳೊಳಗೆ ಕೀನ್ಯಾದ ಹೈಕೋರ್ಟ್ ಇಂಥ ಕಾನೂನು ಇರಲಿ ಅಂದಿತು, ಬೋಟ್ಸ್ವಾನಾದ ಹೈಕೋರ್ಟ್ ಬೇಡ ಅಂದಿತು. ಉಗಾಂಡ 2023ರಲ್ಲಿ ಮರಣದಂಡನೆವರೆಗೆ ಹೋಯಿತು. ಟ್ರಿನಿಡಾಡಿನಲ್ಲಿ 2018ರಲ್ಲಿ ಗೆದ್ದದ್ದನ್ನು 2025ರಲ್ಲಿ ಮೇಲಿನ ಕೋರ್ಟ್ ಕಿತ್ತುಕೊಂಡಿತು. ನಮ್ಮ 2013ರ ಹಾಗೆಯೇ. ಪಕ್ಕದ ಶ್ರೀಲಂಕಾದ್ದು ಇನ್ನೂ ವಿಚಿತ್ರ. 1995ರಲ್ಲಿ ಕಾನೂನು ತಿದ್ದುವಾಗ ಗಂಡಸರಿಗೆ ಮಾತ್ರ ಇದ್ದದ್ದನ್ನು ಹೆಂಗಸರಿಗೂ ಸೇರಿಸಿದರು. ಸಮಾನತೆ ಅಂದರೆ ಇದೇ ಇರಬೇಕು!

ಹೊಸಬ

ನಾನೇ ಆ ಅಕ್ಕನ ಮಗ. ಮಾವ ಲಿಂಕ್ ಕಳಿಸಿದರು. ಎಲ್ಲ ಓದಿದೆ, ಕೆಲವನ್ನು ಎರಡು ಸಲ. ಒಂದು ಪ್ರಶ್ನೆ. ಐಪಿಸಿಯೇ ಹೋಯಿತಲ್ಲ, ಈಗ 377 ಇದೆಯಾ ಇಲ್ಲವಾ?

ಕರಿಕೋಟು

ಒಳ್ಳೇ ಪ್ರಶ್ನೆ. 2018ರಲ್ಲಿ ಸೆಕ್ಷನ್ ಪೂರ್ತಿ ಹೋಗಿರಲಿಲ್ಲ. ಒಪ್ಪಿತ ಸಂಬಂಧವನ್ನು ಮಾತ್ರ ಹೊರಗಿಟ್ಟು, ಬಲವಂತ ಮತ್ತು ಪ್ರಾಣಿಗಳ ವಿಷಯಕ್ಕೆ ಉಳಿಸಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ 377 ಇಲ್ಲವೇ ಇಲ್ಲ. ಕೇಳಲು ಖುಷಿ. ಆದರೆ ಈಗ ಒಬ್ಬ ವಯಸ್ಕ ಗಂಡಸಿನ ಮೇಲೆ ಬಲವಂತ ಆದರೆ ಅತ್ಯಾಚಾರ ಅಂತ ಕೇಸ್ ಹಾಕಲು ಸೆಕ್ಷನ್ ಇಲ್ಲ. ಅತ್ಯಾಚಾರದ ಸೆಕ್ಷನ್ ಹೆಂಗಸರಿಗೆ ಮಾತ್ರ. ಟ್ರಾನ್ಸ್ ಜನಕ್ಕೆ ಬೇರೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಶಿಕ್ಷೆ ಎರಡೇ ವರ್ಷ. ಬೇಕಿಲ್ಲದ ಅರ್ಧ ತೆಗೆಯಲು 17 ವರ್ಷ ಕೋರ್ಟ್ ಸುತ್ತಿದೆವು. ಬೇಕಿದ್ದ ಅರ್ಧ ಸದ್ದಿಲ್ಲದೆ ಹೋಯಿತು.

ಬಯಲು ಸೀಮೆ

ಹೊಸಬನಿಗೆ ಇನ್ನೊಂದು ಮಾತು. ಕಾನೂನು ಹೋದ ಮೇಲೂ ನಮ್ಮ ಕಡೆ ಮೊಬೈಲ್ ಆ್ಯಪಿನಲ್ಲಿ ಕರೆಸಿ, ವಿಡಿಯೋ ಮಾಡಿ ದುಡ್ಡು ಕೀಳುವವರಿದ್ದಾರೆ. "ಮನೆಗೆ ಕಳಿಸ್ತೀವಿ" ಅನ್ನುತ್ತಾರೆ. ಡೈರಿ ಹೋಗಿ ಮೊಬೈಲ್ ಬಂದಿದೆ. ಆದರೆ ಒಂದು ವ್ಯತ್ಯಾಸ. ಹೋದ ವರ್ಷ ಒಬ್ಬ ಹುಡುಗನ ಜೊತೆ ನಾನೇ ಠಾಣೆಗೆ ಹೋದೆ. ಕಂಪ್ಲೇಂಟ್ ತೆಗೆದುಕೊಂಡರು. ಮುಖ ಗಂಟು ಹಾಕಿಕೊಂಡೇ ತೆಗೆದುಕೊಂಡರು, ಆದರೆ ತೆಗೆದುಕೊಂಡರು. ಮೊದಲಾಗಿದ್ದರೆ ಕಂಪ್ಲೇಂಟ್ ಕೊಡಲು ಹೋದವನೇ ಒಳಗೆ.

ಹೊಸಬ

ಮಾವ, ಆ ನೋಟ್‌ಬುಕ್ ಸಿಕ್ಕಿತಾ? ಭಾನುವಾರ ಬಂದು ನಾನೂ ಹುಡುಕುತ್ತೇನೆ.

ಉದ್ದ ನೋಟ್‌ಬುಕ್

ಸಿಕ್ಕಿತು! ನಿನ್ನ ಅಮ್ಮನ ಹಳೇ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ. ಅಂಚೆಲ್ಲ ಗೆದ್ದಲು ತಿಂದಿದೆ. 84 ಪುಟ ಓದಲು ಬರುತ್ತದೆ. ಅರ್ಧ ಅಂಗಡಿಯ ಲೆಕ್ಕ, ಅರ್ಧ ಇದು. ಯಾವ ವರದಿಗೂ ಹೋಗದ ಹೇಳಿಕೆಗಳೇ ಜಾಸ್ತಿ. ಸ್ಕ್ಯಾನ್ ಮಾಡಿ ಎಲ್ಲಾದರೂ ಒಪ್ಪಿಸಬೇಕು.

ನಿರ್ವಾಹಕಿ

ಹೆಸರುಗಳನ್ನು ಮುಚ್ಚಿ ಸ್ಕ್ಯಾನ್ ಮಾಡಿ ಸಾರ್.

ಉದ್ದ ನೋಟ್‌ಬುಕ್

ಅದರಲ್ಲಿ ಒಂದೂ ನಿಜವಾದ ಹೆಸರಿಲ್ಲಮ್ಮಾ. ಎಲ್ಲ ನಾನು ಇಟ್ಟದ್ದೇ.

ಸುಮ್ನೆ ಓದುವವನು

ಈ ವೇದಿಕೆಯಲ್ಲಿ ಆರು ವರ್ಷದಿಂದ ಇದ್ದೇನೆ, ಏನೂ ಬರೆದವನಲ್ಲ. ಚಪ್ಪಲಿ ಅಂಗಡಿ ಈಗಿಲ್ಲ, ಮೊಬೈಲ್ ಅಂಗಡಿ ಆಗಿದೆ. ವಾಚು ಅಪ್ಪನದಲ್ಲ. ದೊಡ್ಡಪ್ಪನದು. ಅದೊಂದು ಬಿಟ್ಟರೆ ಎಲ್ಲ ಸರಿ ಬರೆದಿದ್ದೀರಿ. ನನಗೆ ಏನು ಹೆಸರು ಇಟ್ಟಿದ್ದಿರಿ?

ಉದ್ದ ನೋಟ್‌ಬುಕ್

ಸ್ವಲ್ಪ ಇರಿ. ಕನ್ನಡಕ ಒರೆಸಿಕೊಳ್ಳುತ್ತೇನೆ.

31ನೇ ಪುಟ. ನೋಟ್‌ಬುಕ್ಕಿನಲ್ಲಿ ದೊಡ್ಡಪ್ಪನ ವಾಚು ಅಂತಲೇ ಇದೆ. ಅಪ್ಪ ಅಂತ ತಪ್ಪು ನೆನಪಿಟ್ಟುಕೊಂಡವನು ನಾನು. ಹೆಸರು ಶಂಕರ ಅಂತ ಬರೆದಿದ್ದೇನೆ.

ಸುಮ್ನೆ ಓದುವವನು

ಶಂಕರ. ಪರವಾಗಿಲ್ಲ. ಚೆನ್ನಾಗಿದೆ.